ಬಾಲದಿಂದ ಹಿಡಿದ ಎಕ್ಸ್-ಮೆನ್

ಕಳೆದ ತಿಂಗಳು ಅಮೆರಿಕದ ಸೂಪರ್‌ಹೀರೋ ತಂಡದ ಕಾಮಿಕ್ಸ್ ‘ಅನ್‌ಕ್ಯಾನಿ ಎಕ್ಸ್-ಮೆನ್’ನ 153ನೇ ಸಂಚಿಕೆ ಸಿಕ್ಕಿತು. ತಂಡದ ಹುಡುಗಿ ಕಿಟ್ಟಿ ಪುಟ್ಟ ಇಲ್ಯಾನಾಗೆ ಕಟ್ಟುಕಥೆ ಹೇಳುವ ಸಂಚಿಕೆ. ಮುಖಪುಟದ ಮೇಲೆ ಯಾವುದೋ ಮಗು ಬಾಲ್‌ಪೆನ್ನಲ್ಲಿ ಮೀಸೆ ಬರೆದಿದೆ, ಇರಲಿ. ಅಲ್ಲಿಗೆ 144ರಿಂದ 279ರವರೆಗೆ ಒಂದೂ ಬಿಡದೆ ಕೂಡಿತು. 136 ಸಂಚಿಕೆ, ಎಲ್ಲ ಮೂಲ ಮುದ್ರಣ. ನಾಲ್ಕು ವರ್ಷ, ಹೆಚ್ಚುಕಡಿಮೆ 700 ಡಾಲರ್. ‘94ನೇ ಸಂಚಿಕೆಯಿಂದ ಶುರು ಮಾಡು, ಇಲ್ಲಾಂದ್ರೆ ಎಲ್ಲ ಸೇರಿಸಿ ಮುದ್ರಿಸಿದ ದಪ್ಪ ಆಮ್ನಿಬಸ್ ಪುಸ್ತಕ ತಗೊಂಡು ಸುಮ್ನಿರು’ ಅಂದಿದ್ದ ಗೆಳೆಯರು ಈಗ ಅಮೆರಿಕದ ಎಡಿಸನ್ ಊರಿನ ನಮ್ಮ ಮನೆಗೆ ಬಂದರೆ ಮೊದಲು ಪೆಟ್ಟಿಗೆ ಇಣುಕುತ್ತಾರೆ.

ನಾನೂ ಮೊದಲು ಅವರ ಮಾತು ಕೇಳಿ ಕೆಟ್ಟೆ. 129ಕ್ಕೆ 80 ಡಾಲರ್ ಹತ್ತಿರ ಸುರಿದೆ. ಮನೆಗೆ ತಂದು ಬಿಚ್ಚಿದರೆ ಜಾಹೀರಾತಿನ ಕೂಪನ್ ಕತ್ತರಿಸಿದ್ದಾರೆ. ಹಿಂಬದಿಯ ಕಥೆಯಲ್ಲಿ ಎರಡು ಚೌಕ ಮಾಯ! ಆಮೇಲೆ ಆನ್‌ಲೈನಲ್ಲಿ 40 ಸಂಚಿಕೆಗಳ ಕಟ್ಟು ಕೊಂಡೆ. ಅರ್ಧ ಡಬಲ್, ಉಳಿದದ್ದು ಮುಗ್ಗಲು ವಾಸನೆ. ಹೆಂಡತಿ ಕಟ್ಟನ್ನು ಗ್ಯಾರೇಜಿಗೆ ಹಾಕಿದಳು.

ಆಗ ಉಲ್ಟಾ ಹೊರಟೆ. ಡಾಲರಿಗೊಂದರಂತೆ ಮಾರುವ ಪೆಟ್ಟಿಗೆಯಲ್ಲಿ ಬಿದ್ದಿರುವ 80ರ ದಶಕದ ಕೊನೆ, 90ರ ಆರಂಭದ ಸಂಚಿಕೆಗಳಿಂದ ಶುರು, ಅಲ್ಲಿಂದ ಹಿಂದಕ್ಕೆ. ಒಂದು ಕಾಲಘಟ್ಟ ಪೂರ್ತಿ ಆಗುವವರೆಗೆ ಓದುವಂತಿಲ್ಲ. 266 ಒಂದೇ ದುಬಾರಿ, ಗ್ಯಾಂಬಿಟ್ ಎಂಬ ಪಾತ್ರದ ಪ್ರವೇಶದ ದೆಸೆಯಿಂದ 60 ಡಾಲರ್ ಹೋಯಿತು. ಕಾಮಿಕ್ಸ್ ಮಾರುವ ಶೋಗಳಲ್ಲಿ ಭಾನುವಾರ ಯಾವ ಹೊತ್ತಿಗೆ, ಯಾವ ಟೇಬಲ್ಲಿಗೆ ಹೋಗುತ್ತೇನೆ ಅನ್ನೋದು ಮಾತ್ರ ಕೇಳಬೇಡಿ.

143ರವರೆಗಿನ ಕಥೆಗೆ ಸದ್ಯಕ್ಕೆ 1986ರಲ್ಲಿ ಶುರುವಾದ ‘ಕ್ಲಾಸಿಕ್ ಎಕ್ಸ್-ಮೆನ್’ ಮರುಮುದ್ರಣ ಸಾಕು. ಕೆಲವು ಪುಟ ತಿದ್ದಿದ್ದಾರೆ, ನಿಜ. ಆದರೆ ಹಿಂದುಗಡೆ ಜಾನ್ ಬೋಲ್ಟನ್ ಬಿಡಿಸಿದ ಹೊಸ ಕಿರುಕಥೆಗಳು ಉಚಿತ ಬಂದಂತೆ.

ನಡುವೆ ಒಂದು ಹುಚ್ಚು ಪ್ರಯೋಗ. ಹಳೆ ಸಂಚಿಕೆಗಳ ಸುರುಳಿ ಸುತ್ತಿದ ಬೆನ್ನು, ಅಂದರೆ ಪಿನ್ ಹೊಡೆದ ಅಂಚು, ನೆಟ್ಟಗಾಗಲಿ ಅಂತ ಎರಡು ಹಲಗೆ ನಡುವೆ ಇಟ್ಟು ಮೇಲೆ ವೆಟ್ ಗ್ರೈಂಡರ್ ಹೇರಿದೆ. ಮೂರು ವಾರ. ಹತ್ತರಲ್ಲಿ ಆರು ನೆಟ್ಟಗಾದವು. ಕೆಳಗೆ ಕಾಮಿಕ್ಸ್ ಇರೋದು ಮರೆತು ಶನಿವಾರ ಹಿಟ್ಟು ರುಬ್ಬಲು ಹಾಗೇ ಸ್ವಿಚ್ ಹಾಕಿದೆವು. 199 ಹೇಗಾಯಿತು ಅಂತ ಬಿಡಿಸಿ ಹೇಳಬೇಕಾ? ಇನ್ನೊಂದು ಕೊಂಡೆ, ನಾಲ್ಕು ಡಾಲರ್.

ಉಲ್ಟಾ ಕೊಂಡಿದ್ದಕ್ಕೆ ನನ್ನ ರುಚಿಯೇ ಬದಲಾಯಿತು. ಎಲ್ಲರ ಬಾಯಲ್ಲೂ ಲೇಖಕ ಕ್ಲೇರ್‌ಮಾಂಟ್-ಚಿತ್ರಕಾರ ಬೈರ್ನ್ ಜೋಡಿ, ಅವರ ‘ಡಾರ್ಕ್ ಫೀನಿಕ್ಸ್’ ಕಥೆ. ನನಗೆ ಮಾತ್ರ ಚಿತ್ರಕಾರ ಸಿಲ್ವೆಸ್ಟ್ರಿಯ ಆಸ್ಟ್ರೇಲಿಯಾ ಕಾಲ. 229ರಿಂದ, 1988. ಎಕ್ಸ್-ಮೆನ್ ಸತ್ತರು ಅಂತ ಜಗತ್ತು ನಂಬಿದೆ, ಇವರು ಪಾಳುಬಿದ್ದ ಊರಲ್ಲಿ ಅಡಗಿದ್ದಾರೆ. 251ರ ಮುಖಪುಟದಲ್ಲಿ ವೊಲ್ವರಿನ್‌ನನ್ನು ಎಕ್ಸ್ ಆಕಾರದ ತೊಲೆಗೆ ಬಡಿದಿದ್ದಾರೆ. ಆಮೇಲೆ ತಿಂಗಳುಗಟ್ಟಲೆ ತಂಡವೇ ಇಲ್ಲ! ತಂಡದ ಕಾಮಿಕ್ಸಿನಲ್ಲಿ ತಂಡ ಇಲ್ಲದೆ ನಡೆಸಲು ಎಷ್ಟು ಧೈರ್ಯ ಬೇಕು, ಅಲ್ವಾ? ಗೆಳೆಯರು ಅದನ್ನೇ ಕಸ ಅಂತಾರೆ. ಅದಕ್ಕೇ ಡಾಲರಿಗೆ ಸಿಗೋದು, ನನಗೇನು ಬೇಜಾರಿಲ್ಲ.

ಎರಡನೇ ಜಾಗ ಚಿತ್ರಕಾರ ಪಾಲ್ ಸ್ಮಿತ್‌ಗೆ. 1983ರ ಒಂದೇ ವರ್ಷ, ಹತ್ತರ ಆಸುಪಾಸು ಸಂಚಿಕೆ. ತಂಡದ ನಾಯಕಿ ಸ್ಟಾರ್ಮ್ ನಡುನೆತ್ತಿಯಲ್ಲಷ್ಟೇ ಕೂದಲು ಬಿಡುವ ಮೊಹಾಕ್ ಕಟ್ಟಿಂಗ್ ಮಾಡಿಸಿಕೊಂಡು ಬರುವ 173 ಮೂರು ಸಲ ಓದಿದೆ. ಗೆರೆ ಎಷ್ಟು ಕಮ್ಮಿ, ಮುಖ ಎಷ್ಟು ಜಾಸ್ತಿ! ಆಮೇಲೆ ಬಂದ ಚಿತ್ರಕಾರ ಜಿಮ್ ಲೀ ಕಣ್ಣಿಗೆ ಹಬ್ಬ, ಆದರೆ ಎರಡನೇ ಸಲ ಓದಲು ಕೈ ಹೋಗಿಲ್ಲ.

ಈಗ 143ಕ್ಕೆ ಗಾಳ ಹಾಕಿದ್ದೇನೆ. ಬೈರ್ನ್‌ನ ಕೊನೆಯದು, ಕ್ರಿಸ್‌ಮಸ್ ರಾತ್ರಿ ಕಿಟ್ಟಿ ಒಬ್ಬಳೇ, ಜೊತೆಗೊಂದು ರಾಕ್ಷಸ. ಮಾರುವವನು 12 ಅಂತಾನೆ. ನಾನು 8ಕ್ಕೆ ನಿಂತಿದ್ದೇನೆ.