ರಾಷ್ಟ್ರನಾಯಕರ ಮೇಲಿನ ಹಣ ದುರುಪಯೋಗದ ಆರೋಪವನ್ನು ಪರಿಶೀಲಿಸುವ ಕ್ರಮ

ದೇಶವನ್ನು ಆಳಿದವರೊಬ್ಬರು ಬೊಕ್ಕಸದ ಹಣವನ್ನು ಕಬಳಿಸಿದ್ದಾರೆ ಎಂಬ ಸುದ್ದಿ ಬಂದಾಗ, ಆರೋಪದ ಮೊತ್ತಕ್ಕೆ ಬೆರಗಾಗುವ ಮುನ್ನ ಅವರ ಕಾನೂನುಬದ್ಧ ಆದಾಯ ಎಷ್ಟೆಂದು ತಿಳಿದುಕೊಳ್ಳಬೇಕು. ಅಧಿಕಾರಾವಧಿಯ ಸಂಬಳ, ಆಸ್ತಿ ಘೋಷಣೆ, ತೆರಿಗೆ ವಿವರಗಳನ್ನು ಒಟ್ಟುಗೂಡಿಸಿ, ಪತ್ತೆಯಾದ ಸಂಪತ್ತಿನೊಂದಿಗೆ ಹೋಲಿಸಿ ನೋಡಿ. ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ 2003ರಲ್ಲಿ ಮಾಡಿದ್ದೂ ಇದನ್ನೇ. ಅಲ್ಲಿನ ಮಾಜಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ದಂಪತಿಯ ಅಧಿಕೃತ ಸಂಬಳ ಒಟ್ಟು ಸುಮಾರು 3.04 ಲಕ್ಷ ಡಾಲರ್. ಸ್ವಿಸ್ ಖಾತೆಗಳಲ್ಲಿದ್ದ ಹಣ 65.8 ಕೋಟಿ ಡಾಲರ್. ಈ ಅಂತರಕ್ಕೆ ಸಮರ್ಪಕ ವಿವರಣೆ ದೊರೆಯದ ಕಾರಣ ಆ ಹಣ ಸರ್ಕಾರದ ವಶವಾಯಿತು. ಒಂದೊಂದು ಲಂಚವನ್ನೂ ಬಿಡಿಬಿಡಿಯಾಗಿ ಸಾಬೀತುಪಡಿಸಬೇಕಾಗಿ ಬರಲಿಲ್ಲ ಎಂಬುದೇ ಈ ವಿಧಾನದ ಬಲ.

ಆಸ್ತಿ ನಾಯಕರ ಹೆಸರಿನಲ್ಲೇ ಇರುತ್ತದೆಂದು ನಿರೀಕ್ಷಿಸಬೇಡಿ. ಮಾರ್ಕೋಸ್ ದಂಪತಿ 1968ರಲ್ಲಿ ಜ್ಯೂರಿಕ್‌ನಲ್ಲಿ ಖಾತೆ ತೆರೆದದ್ದು ವಿಲಿಯಂ ಸಾಂಡರ್ಸ್, ಜೇನ್ ರಯಾನ್ ಎಂಬ ಸುಳ್ಳು ಹೆಸರುಗಳಲ್ಲಿ. ಆದ್ದರಿಂದ ಬಂಧುಗಳು, ಆಪ್ತರು, ಕಾಗದದ ಮೇಲಷ್ಟೇ ಇರುವ ಕಂಪನಿಗಳು ಇವುಗಳ ಹಿಂದೆ ನಿಜವಾದ ಒಡೆಯರು ಯಾರು, ಹಣ ಬಿಡುಗಡೆಗೆ ಸಹಿ ಹಾಕುವ ಅಧಿಕಾರ ಯಾರಿಗಿತ್ತು ಎಂದು ಹುಡುಕಬೇಕು. ಮಲೇಷ್ಯಾದಲ್ಲಿ ನಜೀಬ್ ರಜಾಕ್ ಪ್ರಧಾನಿಯಾಗಿದ್ದಾಗಲೇ ಹಣಕಾಸು ಸಚಿವರೂ, 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯ ಸಲಹಾ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಹಣವನ್ನು ಕೊಡುವ, ಪಡೆಯುವ, ಪರಿಶೀಲಿಸುವ ಅಧಿಕಾರಗಳು ಹೀಗೆ ಒಬ್ಬರ ಸುತ್ತಲೇ ಕೇಂದ್ರೀಕೃತವಾದಲ್ಲಿ ಲೆಕ್ಕಪರಿಶೋಧನಾ ವರದಿಯನ್ನು ಸಾಲುಸಾಲಾಗಿ ಓದುವುದು ಅಗತ್ಯ.

ಬಹಳಷ್ಟು ಮಂದಿ ಎಡವುವುದು ತೀರ್ಪನ್ನು ಓದುವಾಗ. ಆರೋಪ, ದೋಷಾರೋಪಪಟ್ಟಿ, ಶಿಕ್ಷೆ, ಮೇಲ್ಮನವಿಯ ತೀರ್ಪು ಇವು ಬೇರೆ ಬೇರೆ. ಅಪರಾಧದ ಹೆಸರನ್ನೂ ಗಮನಿಸಬೇಕು. ನವಾಜ್ ಷರೀಫ್ 2017ರಲ್ಲಿ ಪಾಕಿಸ್ತಾನದ ಪ್ರಧಾನಿ ಹುದ್ದೆ ಕಳೆದುಕೊಂಡದ್ದು ವಿದೇಶಿ ಕಂಪನಿಗಳ ಗುಪ್ತ ಒಡೆತನವನ್ನು ಬಯಲು ಮಾಡಿದ ಪನಾಮಾ ದಾಖಲೆಗಳಿಂದ ಆರಂಭವಾದ ಪ್ರಕರಣದಲ್ಲಾದರೂ, ಅನರ್ಹತೆಗೆ ನ್ಯಾಯಾಲಯ ನೀಡಿದ ಕಾರಣ ಮಗನ ಕಂಪನಿಯಿಂದ ಬರಬೇಕಿದ್ದ ಸಂಬಳವನ್ನು ಘೋಷಿಸದೇ ಇದ್ದದ್ದು. ಅದನ್ನು ಬೊಕ್ಕಸದ ಕಳವಿನ ತೀರ್ಪು ಎಂದು ಬರೆಯುವುದು ತಪ್ಪಷ್ಟೇ ಅಲ್ಲ, ನಿಜವಾದ ಕಳವನ್ನು ಬಯಲಿಗೆಳೆಯುವವರಿಗೂ ಅನ್ಯಾಯ.

ಕೊನೆಗೆ, ಹಣ ಎಲ್ಲಿ ಹೋಯಿತೆಂದು ಕೇಳುವಷ್ಟೇ ಪಟ್ಟುಹಿಡಿದು, ಮರಳಿ ಬಂದದ್ದು ಯಾರಿಗೆ ತಲುಪಿತೆಂದೂ ಕೇಳಿ. ನೈಜೀರಿಯಾದ ಸೇನಾಡಳಿತಗಾರರಾಗಿದ್ದ ಸಾನಿ ಅಬಾಚಾ ಕುಟುಂಬದಿಂದ ವಶಪಡಿಸಿಕೊಂಡ ಸುಮಾರು 32 ಕೋಟಿ ಡಾಲರ್ ಹಣವನ್ನು ನೈಜೀರಿಯಾಕ್ಕೆ ಹಿಂದಿರುಗಿಸಲು ಸ್ವಿಟ್ಜರ್ಲೆಂಡ್ 2017ರಲ್ಲಿ ಒಪ್ಪಿದಾಗ, ಅದು ವಿಶ್ವಬ್ಯಾಂಕ್‌ನ ಮೇಲ್ವಿಚಾರಣೆಯಲ್ಲಿ ಬಡ ಕುಟುಂಬಗಳಿಗೆ ಸಲ್ಲಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಲಾಗಿತ್ತು. ಇಂತಹ ಒಪ್ಪಂದ ಕಂಡಲ್ಲಿ ಫಲಾನುಭವಿಗಳ ಪಟ್ಟಿ ಮತ್ತು ಖರ್ಚಿನ ವರದಿಯನ್ನು ಪ್ರಕಟಿಸುವಂತೆ ಲಿಖಿತವಾಗಿ ಕೋರಬೇಕು.