ಬ್ರೆಡ್ಡೂ ಬೇಡ, ವೈನೂ ಬೇಡ, ಚಹಾ ಬಿಸ್ಕತ್ತು ಸಾಕು: ವಿಕ್ಕನರು ಮತ್ತು ಕ್ರೈಸ್ತರ ಮಾತುಕತೆ ನಡೆಸುವ ಬಗೆ

ಇಂಗ್ಲೆಂಡಿನಲ್ಲಿ ವಿಕ್ಕನರನ್ನೂ ಕ್ರೈಸ್ತರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಲು ನಾನು ಬಳಸುವ ಪದ್ಧತಿ ಇದು. ಒಟ್ಟು 4 ಸಂಜೆ, ಒಂದೊಂದು 90 ನಿಮಿಷ, ನಡುವೆ ಎರಡೆರಡು ವಾರದ ಬಿಡುವು. ಆ ಕಡೆ 4 ಜನ, ಈ ಕಡೆ 4 ಜನ, ನಡೆಸಿಕೊಡಲು ಎರಡೂ ಕಡೆಗೆ ಸೇರದ ಒಬ್ಬರು. ಇಂಥ ಮಾತುಕತೆ ದೇವರ ವಿಚಾರಕ್ಕೆ ಮುರಿದುಬೀಳುವುದು ಕಡಿಮೆ. ಮೇಜಿನ ಮೇಲಿಟ್ಟ ಒಂದು ಮೇಣದಬತ್ತಿಗೋ, ನೋಡದೆ ಇಟ್ಟ ತಾರೀಖಿಗೋ, ಒಂದು ಪದಕ್ಕೋ ಮುರಿಯುತ್ತದೆ. ಹಾಗಾಗಿ ಇಲ್ಲಿ ಕುರ್ಚಿ ಮೇಜಿನ ಮಾತೇ ಜಾಸ್ತಿ.

ವಿಕ್ಕಾ ಗೊತ್ತಿಲ್ಲದವರಿಗೆ ಎರಡು ಮಾತು. ಇದು 20ನೇ ಶತಮಾನದ ಬ್ರಿಟನ್ನಿನಲ್ಲಿ ಬೆಳೆದ ಒಂದು ಪೇಗನ್ ಪಂಥ, ಕ್ರೈಸ್ತಪೂರ್ವ ಯುರೋಪಿನ ದೇವದೇವಿಯರಿಂದ ಪ್ರೇರಣೆ ಪಡೆದದ್ದು. ಪಾಲಿಸುವವರು ತಮ್ಮನ್ನು 'ವಿಚ್' ಎಂದು ಕರೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾದದ್ದು 1951ರಲ್ಲಿ. ಜೆರಾಲ್ಡ್ ಗಾರ್ಡ್ನರ್ ಈ ಪಂಥದ ಬಗ್ಗೆ ಬಹಿರಂಗವಾಗಿ ಬರೆದದ್ದು 1954ರಲ್ಲಿ. ಒಬ್ಬ ದೇವಿ, ಕೊಂಬುಳ್ಳ ಒಬ್ಬ ದೇವ, ವರ್ಷಕ್ಕೆ 8 ಹಬ್ಬ, ಹುಣ್ಣಿಮೆಯ ಕೂಟ, 'ಯಾರಿಗೂ ಕೇಡಾಗದಂತೆ ನಿನ್ನಿಷ್ಟದಂತೆ ನಡೆ' ಎಂಬ ನೀತಿ: ಸ್ಥೂಲವಾಗಿ ಇಷ್ಟು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವಿಕ್ಕಾ ಎಂದು ಬರೆಸಿದವರು ಸುಮಾರು 13,000, ಪೇಗನ್ ಎಂದವರು 74,000, ಕ್ರೈಸ್ತರು 2.75 ಕೋಟಿ. ಹೊರಗೆ ಒಬ್ಬ ವಿಕ್ಕನ್‌ಗೆ ಎರಡು ಸಾವಿರ ಕ್ರೈಸ್ತರಿದ್ದಾರೆ ಎಂಬ ಕಾರಣಕ್ಕೇ ಒಳಗೆ ನಾಲ್ಕಕ್ಕೆ ನಾಲ್ಕೇ ಇರಬೇಕು. 'ಇನ್ನೊಬ್ಬರು ಬರ್ತಾರಂತೆ, ಸೇರಿಸ್ಕೊಳ್ಳಿ' ಎಂದರೆ ಒಪ್ಪಬೇಡಿ. ಐದನೆಯವರು ಬಂದ ಕೂಡಲೇ ಅದು ಮಾತುಕತೆಯಾಗಿ ಉಳಿಯದೆ ವಿಚಾರಣೆಯಾಗುತ್ತದೆ.

ಕನ್ನಡದಲ್ಲಿ ಇದನ್ನು ವಿವರಿಸುವವರಿಗೆ ಒಂದು ಎಚ್ಚರಿಕೆ. 'ಮಾಟ', 'ವಾಮಾಚಾರ' ಎಂದು ಅನುವಾದಿಸಿದಿರೋ, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮಾಟಗಾತಿ ಎನ್ನುವುದು ಬೇರೆಯವರು ಹೊರಿಸುವ ಆರೋಪ. ಕರ್ನಾಟಕದ 2017ರ ಮೌಢ್ಯಾಚರಣೆ ವಿರೋಧಿ ಕಾಯ್ದೆ ತಡೆಯಹೊರಟದ್ದು ಬೇರೆಯದೇ ಲೋಕದ ಸಂಗತಿ. ವಿಕ್ಕನರಲ್ಲಿ 'ವಿಚ್' ಎಂಬುದು ತಾವಾಗಿ ಆರಿಸಿಕೊಂಡ ಹೆಸರು. 'ವಿಕ್ಕನ್', 'ವಿಚ್' ಎಂದೇ ಬಿಡುವುದು ಕ್ಷೇಮ.

ಜನರನ್ನು ಆರಿಸುವಾಗ ಒಬ್ಬೊಬ್ಬರ ಜೊತೆ ಫೋನಿನಲ್ಲಿ 20 ನಿಮಿಷ ಮಾತಾಡುತ್ತೇನೆ. ಕೇಳುವುದು ಮೂರೇ ಪ್ರಶ್ನೆ. ಆ ಕಡೆಯವರಿಂದ ನಿಮಗೇನು ತಿಳಿಯಬೇಕು? ಏನು ಕೇಳಿಸಿಕೊಂಡರೆ ಎದ್ದು ಹೋಗುತ್ತೀರಿ? ಮತ ಬದಲಿಸಿದ್ದೀರಾ, ಬದಲಿಸಿ ಎಷ್ಟು ದಿನವಾಯಿತು? ಮೂರನೆಯದೇ ಮುಖ್ಯ. ವಿಕ್ಕನರಲ್ಲಿ ಚರ್ಚಿನ ಮನೆಗಳಲ್ಲೇ ಬೆಳೆದವರು ಬಹಳ. ಚರ್ಚ್ ಬಿಟ್ಟು ಎರಡು ವರ್ಷವೂ ಆಗದವರು ಎದುರಿಗೆ ಕೂತವರ ಜೊತೆ ಮಾತಾಡುವುದಿಲ್ಲ, ತಮ್ಮ ಹಳೆಯ ಪಾದ್ರಿಯ ಜೊತೆ ಜಗಳವಾಡುತ್ತಾರೆ. ವಿಕ್ಕಾ ಬಿಟ್ಟು ಚರ್ಚಿಗೆ ಬಂದವರದು ಇನ್ನೂ ಕಷ್ಟ: 'ಒಳಗೇನಿದೆ ಅಂತ ನಂಗೊತ್ತು' ಎನ್ನುವ ಮಾತಿನ ಮುಂದೆ ಉಳಿದವರು ಬಾಯಿ ತೆರೆಯುವುದಿಲ್ಲ. ಇಬ್ಬರಿಗೂ 'ಇನ್ನೆರಡು ವರ್ಷ ಬಿಟ್ಟು ಬನ್ನಿ' ಎನ್ನುತ್ತೇನೆ. ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ನಾಲ್ವರು ಕ್ರೈಸ್ತರೂ ಒಂದೇ ಚರ್ಚಿನವರಾಗಬಾರದು. ಒಬ್ಬರು ಆಂಗ್ಲಿಕನ್, ಒಬ್ಬರು ಕ್ಯಾಥೊಲಿಕ್, ಒಬ್ಬರು ಪೆಂಟೆಕೋಸ್ಟಲ್ ಇದ್ದರೆ ಕ್ರೈಸ್ತರೊಳಗಿನ ಭೇದವೇ ಎದ್ದು ಕಾಣುತ್ತದೆ, ಆ ಕಡೆಯವರ ಬಿಗುವು ಅರ್ಧ ಇಳಿಯುತ್ತದೆ. ವಿಕ್ಕನರಲ್ಲೂ ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆ ಪಡೆದ ಒಬ್ಬರು, ಕವೆನ್ ಎಂಬ ಯಾವ ಸಣ್ಣ ಪೂಜಾಗುಂಪಿಗೂ ಸೇರದೆ ಒಬ್ಬಂಟಿಯಾಗಿ ಆಚರಿಸುವ ಒಬ್ಬರು ಇರಲಿ. ಅವರಿಗೆ ಪೋಪ್ ಇಲ್ಲ, ಬಿಷಪ್ ಇಲ್ಲ. ಪ್ರತಿ ಕವೆನ್‌ ತನಗೆ ತಾನೇ ಯಜಮಾನ. 'ವಿಕ್ಕಾ ಹೀಗೆ ಹೇಳುತ್ತದೆ' ಎಂಬ ವಾಕ್ಯ ಬಂದಾಗೆಲ್ಲ 'ನಾನು ಹೀಗೆ ನಂಬುತ್ತೇನೆ' ಎಂದು ತಿದ್ದಿಸಬೇಕು. ದೀಕ್ಷೆಯ ವಿವರಗಳನ್ನು ಹೊರಗೆ ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದವರಿರುತ್ತಾರೆ. 'ಅದನ್ನು ಹೇಳಲಾರೆ' ಎಂದರೆ ಅದೇ ಪೂರ್ತಿ ಉತ್ತರ ಎಂದು ಕ್ರೈಸ್ತರಿಗೆ ಮೊದಲೇ ತಿಳಿಸದಿದ್ದರೆ, ಅಲ್ಲೇ ಸಂಶಯ ಮೊಳೆಯುತ್ತದೆ.

ತಾರೀಖು ಗೊತ್ತುಮಾಡುವಾಗ ಎರಡು ಪಂಚಾಂಗ ಬೇಕು. ಹುಣ್ಣಿಮೆಯ ರಾತ್ರಿಗಳೂ ಎಂಟು ಹಬ್ಬಗಳ ಆಸುಪಾಸೂ ಬೇಡ. ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಪವಿತ್ರ ವಾರ, ಕ್ರಿಸ್ಮಸ್‌ಗೆ ಮುಂಚಿನ ಎರಡು ವಾರ ಬೇಡ. ಅಕ್ಟೋಬರ್ ಅಂತೂ ಬೇಡವೇ ಬೇಡ. ಹ್ಯಾಲೋವೀನ್ ಸುತ್ತ ಪತ್ರಿಕೆಯವರಿಗೆ ಟೋಪಿ ತೊಟ್ಟ ಮಾಟಗಾತಿಯ ಚಿತ್ರ ಬೇಕಾಗಿರುತ್ತದೆ, ಯಾರದ್ದಾದರೂ ಮಾತು ಅದರ ಕೆಳಗೆ ಅಚ್ಚಾಗುತ್ತದೆ. ಅಕ್ಟೋಬರ್ 31ರ ವಿಕ್ಕನ್ ಹಬ್ಬದ ಹೆಸರನ್ನು ಹೆಚ್ಚುಕಡಿಮೆ 'ಸಾವಿನ್' ಎಂದು ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ವಿಚಿತ್ರವಾಗಿ ಹೊಂದುವ ಹೆಸರು, ಏಕೆಂದರೆ ಅದು ಗತಿಸಿದವರನ್ನು ನೆನೆಯುವ ಹಬ್ಬವೇ. ಮರುದಿನ ಕ್ರೈಸ್ತರ ಸಕಲ ಸಂತರ ದಿನ, ಅದರ ಮರುದಿನ ಮೃತರ ಸ್ಮರಣೆ. ನಾನು ಜನವರಿ ನಡುವಿನಲ್ಲಿ ಆರಂಭಿಸಿ, ಫೆಬ್ರವರಿ 1-2ರ ವಿಕ್ಕನರ ಇಂಬೋಲ್ಕ್ ಮತ್ತು ಕ್ರೈಸ್ತರ ಕ್ಯಾಂಡಲ್‌ಮಸ್ ವಾರವನ್ನು ಬಿಟ್ಟು ಮುಂದುವರಿಸುತ್ತೇನೆ. ಆ ವರ್ಷ ಉಪವಾಸ ಕಾಲ ಬೇಗ ಬಂದರೆ ಮೇ ತಿಂಗಳ ಎರಡನೇ ವಾರದಿಂದ.

ಜಾಗ ಚರ್ಚಿನ ಸಭಾಂಗಣವೂ ಆಗಬಾರದು, ಕಾಡಿನ ಬಯಲೂ ಆಗಬಾರದು. ಗ್ರಂಥಾಲಯದ ಸಭಾ ಕೋಣೆ ಒಳ್ಳೆಯದು. ಚರ್ಚಿನ ಕೋಣೆಯೇ ಗತಿಯೆಂದಾದರೆ ಗೋಡೆಯ ಶಿಲುಬೆಯನ್ನು ಬಟ್ಟೆಯಿಂದ ಮುಚ್ಚಬೇಡಿ. ಮುಚ್ಚಿದ ಶಿಲುಬೆ ತೆರೆದ ಶಿಲುಬೆಗಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ, ಕ್ರೈಸ್ತರಿಗೆ ಅದು ಪವಿತ್ರ ವಾರದ ಸೂತಕದ ಗುರುತು ಬೇರೆ. ಕುರ್ಚಿಗಳನ್ನು ದುಂಡಗೆ ಹಾಕಿ, ಆದರೆ ನಡುವೆ ಏನನ್ನೂ ಇಡಬೇಡಿ. ಸರ್ವಧರ್ಮ ಸಭೆಗಳಲ್ಲಿ ದೀಪವೋ ಹೂವೋ ನಡುವೆ ಇಡುವ ಚಾಳಿ ಇದೆ. ಇಲ್ಲಿ ಅದು ಅಪಾಯ. ವಿಕ್ಕನರ ಪೂಜೆ ನಡೆಯುವುದೇ ವೃತ್ತದೊಳಗೆ. ನಡುವೆ ದೀಪವಿದ್ದರೆ ಕ್ರೈಸ್ತರಿಗೆ ತಾವು ತಿಳಿಯದೆ ಒಂದು ಪೂಜೆಯೊಳಗೆ ಬಂದು ಕೂತ ಹಾಗಾಗುತ್ತದೆ. ಇತ್ತ ವಿಕ್ಕನರಿಗೆ ಅದು ಅರೆಬರೆ ಮಾಡಿಟ್ಟ ಪೀಠದಂತೆ ಕಂಡು ಮುಜುಗರ.

ತಿಂಡಿಯದೂ ಅದೇ ಕಥೆ. ವಿಕ್ಕನ್ ಆಚರಣೆಯ ಕೊನೆಗೆ ಕೇಕು ಮತ್ತು ವೈನು ಹಂಚುತ್ತಾರೆ, ಕ್ರೈಸ್ತರಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವೇ ಪ್ರಭುಭೋಜನ. ಸೌಹಾರ್ದ ಅಂತ ನೀವು ಬ್ರೆಡ್ಡು, ವೈನು ಇಟ್ಟರೆ ಇಬ್ಬರ ಸಂಸ್ಕಾರವನ್ನೂ ಒಂದೇ ತಟ್ಟೆಯಲ್ಲಿ ಅಣಕಿಸಿದಂತೆ. ಚಹಾ, ಪೊಟ್ಟಣದ ಬಿಸ್ಕತ್ತು, ಜೊತೆಗೆ ಹಾಲು ಬೆಣ್ಣೆ ಇಲ್ಲದ ಒಂದು ಬಗೆ. ಸಾಕು.

ಕೊರಳಿನ ಶಿಲುಬೆ, ವಿಕ್ಕನರ ಐದು ಮೂಲೆಯ ನಕ್ಷತ್ರ ಎರಡೂ ಇರಲಿ. ನಕ್ಷತ್ರ ಸೈತಾನನ ಗುರುತು ಎಂದು ಯಾರಾದರೂ ಅಂದರೆ ಹೇಳಲು ಒಂದು ಸಂಗತಿ ಇಟ್ಟುಕೊಳ್ಳಿ: 14ನೇ ಶತಮಾನದ ಇಂಗ್ಲಿಷ್ ಕಾವ್ಯವೊಂದರಲ್ಲಿ ಕ್ರೈಸ್ತ ವೀರನ ಗುರಾಣಿಯ ಮೇಲಿರುವುದು ಇದೇ ನಕ್ಷತ್ರ, ಅದರ ಒಂದು ಅರ್ಥ ಕ್ರಿಸ್ತನ ಐದು ಗಾಯ. ಆದರೆ ವಿಕ್ಕನರ ಪೂಜೆಯ ಚೂರಿ ಮನೆಯಲ್ಲೇ ಇರಲಿ. ಅದು ಏನನ್ನೂ ಕತ್ತರಿಸಲು ಇಟ್ಟದ್ದಲ್ಲ, ನಿಜ. ಸಾರ್ವಜನಿಕ ಜಾಗದಲ್ಲಿ ಚೂರಿ ಒಯ್ಯುವುದನ್ನು ನಿಷೇಧಿಸುವ 1988ರ ಕಾಯ್ದೆಯಲ್ಲಿ ಧಾರ್ಮಿಕ ಕಾರಣವನ್ನು ಸಮರ್ಥನೆಯಾಗಿ ಒಡ್ಡಲು ಅವಕಾಶವೂ ಇದೆ. ಆದರೂ ಬಸ್ಸಿನಲ್ಲಿ ಪೊಲೀಸರಿಗೆ ಅದನ್ನು ವಿವರಿಸುವ ಗೋಜು ಯಾಕೆ? ಚಿತ್ರ ತೋರಿಸಿದರಾಯಿತು.

ಹಾಜರಿ ಪಟ್ಟಿಯಲ್ಲಿ ಮೊದಲ ಹೆಸರು ಮಾತ್ರ. ವಿಕ್ಕನರು ಪಂಥದೊಳಗೆ ಇಟ್ಟುಕೊಂಡ ಹೆಸರನ್ನೇ ಬರೆದರೂ ಸರಿ. ತಾನು ವಿಕ್ಕನ್ ಎಂದು ಕೆಲಸದ ಜಾಗದಲ್ಲಿ ಹೇಳದವರು ಇರುತ್ತಾರೆ, ಹಾಗಾಗಿ ಫೋಟೋ ಬೇಡ. ಕೇಳಿದ ಮಾತನ್ನು ಹೊರಗೆ ಹೇಳಬಹುದು, ಯಾರು ಹೇಳಿದರೆಂದು ಹೇಳುವಂತಿಲ್ಲ. ನಾಲ್ಕು ಸಂಜೆ ಮುಗಿಯುವ ತನಕ ಕರಪತ್ರ ಹಂಚುವುದಾಗಲೀ 'ನಮ್ಮ ಚರ್ಚಿಗೆ ಬನ್ನಿ' ಎನ್ನುವುದಾಗಲೀ ಇಲ್ಲ. ಇವ್ಯಾಂಜಲಿಕಲ್ ಕ್ರೈಸ್ತರಿಗೆ ಇದು ಸುಲಭದ ಷರತ್ತಲ್ಲ, 'ಎಲ್ಲ ಜನರನ್ನೂ ಶಿಷ್ಯರನ್ನಾಗಿ ಮಾಡಿ' ಎಂಬ ಮತ್ತಾಯನ ಸುವಾರ್ತೆಯ ಕೊನೆಯ ಆಜ್ಞೆ ಅವರಿಗೆ ಕರ್ತವ್ಯ. ಆ ನಂಬಿಕೆ ಬಿಡಿ ಎಂದು ನಾವು ಕೇಳುತ್ತಿಲ್ಲ, ನಾಲ್ಕು ಸಂಜೆ ಕೈ ಕಟ್ಟಿಕೊಳ್ಳಿ ಎಂದಷ್ಟೇ ಕೇಳುತ್ತೇವೆ ಎಂಬುದನ್ನು ಬಿಡಿಸಿ ಹೇಳಿ.

ಮೊದಲ ಸಂಜೆ ಚರ್ಚೆಯೇ ಇಲ್ಲ. ಒಬ್ಬರು 3 ನಿಮಿಷ ತಮ್ಮ ಆಚರಣೆಯ ಬಗ್ಗೆ ಹೇಳುತ್ತಾರೆ. 1 ನಿಮಿಷ ಮೌನ. ಎದುರಿನವರು 2 ನಿಮಿಷದಲ್ಲಿ ಅದನ್ನೇ ತಿರುಗಿ ಹೇಳುತ್ತಾರೆ. ಮೊದಲು ಹೇಳಿದವರು 'ಹೌದು' ಎನ್ನುವವರೆಗೆ ತಿದ್ದುಪಡಿ. ಎಂಟು ಜನಕ್ಕೆ 48 ನಿಮಿಷ, ತಿದ್ದುಪಡಿ ಸೇರಿ 65. ಕೆಡುವುದು ತಿರುಗಿ ಹೇಳುವ ಜಾಗದಲ್ಲಿ. 'ಅಂದರೆ ನೀವು ಪ್ರಕೃತಿಯನ್ನು ಪೂಜಿಸುತ್ತೀರಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅದು ತಿರುಗಿ ಹೇಳಿದ್ದಲ್ಲ, ತೀರ್ಪು. 'ಅಂದರೆ' ಎಂಬ ಪದವನ್ನೇ ಆ ಸಂಜೆ ನಿಷೇಧಿಸುತ್ತೇನೆ. 'ನೀವು ಹೇಳಿದ್ದು...' ಎಂದೇ ಶುರುವಾಗಬೇಕು.

ಆರಂಭಕ್ಕೆ ಜೊತೆಯಾಗಿ ಪ್ರಾರ್ಥಿಸೋಣ ಎಂಬ ಸಲಹೆ ಖಂಡಿತ ಬರುತ್ತದೆ, ಅದೂ ಒಳ್ಳೆಯ ಮನಸ್ಸಿನವರಿಂದ. ಬೇಡ. ಒಂದು ನಿಮಿಷ ಮೌನ, ಅವರವರ ಮನಸ್ಸಿನಲ್ಲಿ ಅವರವರದ್ದು.

ಸೈತಾನನ ಪ್ರಶ್ನೆಯನ್ನು ತಪ್ಪಿಸಲಾಗದು, ತಪ್ಪಿಸಲೂಬಾರದು. ಅದನ್ನು ಚೀಟಿಯಲ್ಲಿ ಬರೆಸಿ, ಒಮ್ಮೆ ಓದಿ, ಉತ್ತರ ಪಡೆದು ಮುಗಿಸಿಬಿಡುತ್ತೇನೆ. ಸೈತಾನ ಕ್ರೈಸ್ತ ದೈವಶಾಸ್ತ್ರದ ಪಾತ್ರ, ವಿಕ್ಕನರ ಕಥನದಲ್ಲಿ ಅವನಿಲ್ಲ. ಅವರ ದೇವನಿಗೆ ಕೊಂಬಿರುವುದು ಜಿಂಕೆಯ ಕಾರಣಕ್ಕೆ. ಆದರೆ ಪೆಂಟೆಕೋಸ್ಟಲ್ ಒಬ್ಬರು 'ನೀವು ಕರೆಯದಿದ್ದರೂ ಅವನು ಬರಬಹುದು ಅಂತ ನಾನು ನಂಬುತ್ತೇನೆ' ಎಂದರೆ ಬಾಯಿ ಮುಚ್ಚಿಸಬೇಡಿ, ಅದು ಅವರ ಪ್ರಾಮಾಣಿಕ ನಂಬಿಕೆ. ವಿಕ್ಕನರ ಕಡೆಯ ಸಮಾನ ಪ್ರಶ್ನೆ ತ್ರಿಯೇಕತ್ವದ್ದು: ಮೂವರೋ, ಒಬ್ಬನೋ? ಅದಕ್ಕೂ ಒಂದು ಚೀಟಿ.

ನಾಲ್ಕರಲ್ಲೂ ಹೆಚ್ಚು ಫಲ ಕೊಡುವುದು ಎರಡನೇ ಸಂಜೆ. ಒಂದೇ ಪ್ರಶ್ನೆ ಇಡುತ್ತೇನೆ: ನಿಮ್ಮ ಗೆಳೆಯ ಕಾಯಿಲೆ ಬಿದ್ದಿದ್ದಾನೆ, ನೀವು ಏನು ಮಾಡುತ್ತೀರಿ, ಹಂತ ಹಂತವಾಗಿ ಹೇಳಿ. 'ನೀವು ದೇವರನ್ನು ಹೇಗೆ ನೋಡುತ್ತೀರಿ' ಎಂದು ಕೇಳಿದರೆ ಭಾಷಣ ಬರುತ್ತದೆ, ಇದಕ್ಕೆ ವಿವರ ಬರುತ್ತದೆ. ವಿಕ್ಕನ್ ಮೇಣದಬತ್ತಿಯ ಬಣ್ಣ ಹೇಳುತ್ತಾರೆ, ದಿಕ್ಕು ಹೇಳುತ್ತಾರೆ. ಕ್ಯಾಥೊಲಿಕ್ ಕೂಡ ಮೇಣದಬತ್ತಿಯನ್ನೇ ಹಚ್ಚುತ್ತಾರೆ, ಮೆಥಡಿಸ್ಟ್ ಅಚ್ಚರಿಯಿಂದ ಇಬ್ಬರನ್ನೂ ನೋಡುತ್ತಾರೆ. ಆಮೇಲೆ ನಿಜವಾದ ಭೇದ ಮೇಲೆ ಬರುತ್ತದೆ. ಬಹಳಷ್ಟು ವಿಕ್ಕನರು ಗೆಳೆಯನ ಒಪ್ಪಿಗೆ ಕೇಳದೆ ಅವನಿಗಾಗಿ ಏನನ್ನೂ ಮಾಡುವುದಿಲ್ಲ, ಒಳಿತಿಗಾದರೂ ಇನ್ನೊಬ್ಬರ ಇಚ್ಛೆಯ ಮೇಲೆ ಕೈಹಾಕುವುದು ತಪ್ಪು ಎನ್ನುತ್ತಾರೆ. ಕ್ರೈಸ್ತರಿಗೆ ಪ್ರಾರ್ಥಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ನಿರ್ಧಾರ ದೇವರದ್ದು. 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂಬ ಮಾತು ಹೇಳುವವರಿಗೆ ಅಕ್ಕರೆ, ಕೇಳುವ ವಿಕ್ಕನ್‌ಗೆ ಅತಿಕ್ರಮಣ ಯಾಕಾಗುತ್ತದೆ ಎಂಬುದು ಇಲ್ಲಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ 40 ನಿಮಿಷವಾದರೂ ಕೊಡಿ. ಒಮ್ಮತ ಬರಬೇಕಿಲ್ಲ. 'ಪ್ರಾರ್ಥಿಸಲೇ?' ಎಂದು ಕೇಳುವ ಅಭ್ಯಾಸ ಒಬ್ಬರಿಗೆ ಬಂದರೂ ಕೆಲಸವಾಯಿತು.

ಮೂರನೇ ಸಂಜೆ ಚರಿತ್ರೆ. ಇದನ್ನು ಮೊದಲನೇ ದಿನಕ್ಕೆ ಇಟ್ಟುಕೊಂಡವರಿಗೆ ಎರಡನೇ ದಿನ ಇರುವುದಿಲ್ಲ. ಇಬ್ಬರೂ ಮನೆಯಿಂದ ತಪ್ಪು ಲೆಕ್ಕ ತರುತ್ತಾರೆ. 'ತೊಂಬತ್ತು ಲಕ್ಷ ಮಾಟಗಾತಿಯರನ್ನು ಸುಟ್ಟರು' ಎಂಬ ಅಂಕಿ 18ನೇ ಶತಮಾನದ ಜರ್ಮನಿಯಲ್ಲಿ ಒಬ್ಬರು ಹಾಕಿದ ಊಹೆಯ ಗುಣಾಕಾರದಿಂದ ಬಂದದ್ದು. ಇಂದಿನ ಚರಿತ್ರೆಕಾರರ ಅಂದಾಜು ಯುರೋಪಿನಾದ್ಯಂತ ಸುಮಾರು 40,000ದಿಂದ 60,000. ಇಂಗ್ಲೆಂಡಿನಲ್ಲಿ ಶಿಕ್ಷೆ ನೇಣು, ಬೆಂಕಿಯಲ್ಲ. ಸತ್ತವರು ವಿಕ್ಕನರೂ ಅಲ್ಲ, ಬಹುಪಾಲು ಬ್ಯಾಪ್ಟಿಸಂ ಪಡೆದ ಕ್ರೈಸ್ತರೇ. ಅವರು ಗುಪ್ತ ಹಳೆಯ ಧರ್ಮದವರೆಂದು ಮಾರ್ಗರೆಟ್ ಮರ್ರೆ 1921ರಲ್ಲಿ ಮಂಡಿಸಿದ ವಾದವನ್ನು ವಿದ್ವಾಂಸರು ಕೈಬಿಟ್ಟು ಬಹಳ ಕಾಲವಾಯಿತು. ಇಷ್ಟು ಕೇಳಿ ಕ್ರೈಸ್ತರು ಗೆದ್ದವರಂತೆ ಹಿಂದಕ್ಕೆ ಒರಗಿದರೆ ಅದೂ ಕೆಡುಕೇ. 40,000 ಎಂಬುದು ಸಮಾಧಾನ ಪಡುವ ಸಂಖ್ಯೆಯಲ್ಲ.

'ಮಾಟಗಾತಿಯನ್ನು ಬದುಕಲು ಬಿಡಬಾರದು' ಎನ್ನುವ ಬೈಬಲಿನ ವಿಮೋಚನಕಾಂಡ 22:18ನ್ನು ಮುಚ್ಚಿಡದೆ ಕ್ರೈಸ್ತರ ಕಡೆಯವರೇ ಓದಬೇಕು. ಹೀಬ್ರೂ ಮೂಲದ ಪದವನ್ನು ಹಳೆಯ ಗ್ರೀಕ್ ಅನುವಾದ ಮದ್ದು, ವಿಷ ಬಳಸುವವರು ಎಂಬರ್ಥದ ಪದದಿಂದ ಹೇಳುತ್ತದೆ. 1611ರ ಇಂಗ್ಲಿಷ್ ಬೈಬಲ್ ಅದನ್ನೇ 'ವಿಚ್' ಎಂದಿತು. ಆದರೆ ಪದವ್ಯುತ್ಪತ್ತಿಯ ಹಿಂದೆ ಅಡಗಲು ಬಿಡಬೇಡಿ. ತಮ್ಮ ಚರ್ಚು ಇಂದು ಆ ವಾಕ್ಯವನ್ನು ಹೇಗೆ ಓದುತ್ತದೆ ಎಂಬುದನ್ನು ನೇರವಾಗಿ ಹೇಳಬೇಕು. ವಿಕ್ಕನರ ಪಾಲಿನ ಮನೆಕೆಲಸವೂ ಇದೆ. 'ಈಸ್ಟರ್ ನಮ್ಮಿಂದ ಕದ್ದದ್ದು' ಎನ್ನುವ ಮುನ್ನ, ಈಸ್ಟರ್ ಎಂಬ ಹೆಸರಿನ ಮೂಲ ಎನ್ನಲಾಗುವ ಈಯೋಸ್ಟ್ರೆ ದೇವಿಯ ಹೆಸರು ಹೇಳುವ ಒಂದೇ ಹಳೆಯ ದಾಖಲೆ 8ನೇ ಶತಮಾನದ ಬೀಡ್ ಎಂಬ ಕ್ರೈಸ್ತ ಸಂನ್ಯಾಸಿಯದು ಎಂದು ತಿಳಿದಿರಲಿ. ಆಗಸ್ಟ್ 1ರ ಹಬ್ಬಕ್ಕೆ ಅನೇಕ ವಿಕ್ಕನರು ಬಳಸುವ 'ಲಾಮಸ್' ಎಂಬ ಹೆಸರಿನ ಅರ್ಥ 'ರೊಟ್ಟಿಯ ಪೂಜೆ', ಅದು ಚರ್ಚಿನ ಪದ. ಸಾಲ ಎರಡೂ ಕಡೆಯಿದೆ.

ನಾಲ್ಕನೇ ಸಂಜೆ ಪರಸ್ಪರ ಭೇಟಿಯ ತಯಾರಿ. ವಿಕ್ಕನರ ಕಡೆಯಿಂದ ಸಾರ್ವಜನಿಕ ಹಬ್ಬ ಮಾತ್ರ. ಕೆಲವು ಕವೆನ್‌ಗಳ ಖಾಸಗಿ ಆಚರಣೆ ಬೆತ್ತಲೆಯಾಗಿ ನಡೆಯುತ್ತದೆ, ಅದಕ್ಕೆ ಅತಿಥಿಗಳನ್ನು ಕರೆಯುವುದೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಗುಸುಗುಸು ನಿಲ್ಲುತ್ತದೆ. ವೃತ್ತದ ಹೊರಗೆ ನಿಂತು ನೋಡಬಹುದೇ ಎಂದು ಮುಂಚೆ ಕೇಳಿಕೊಳ್ಳಬೇಕು. ಒಳಗೆ ನಿಂತವರಿಗೆ ನಡುವೆ ಹೊರಡಬೇಕೆನಿಸಿದರೆ ದಾಟಿ ನಡೆಯಬಾರದು, ಕೈ ಎತ್ತಿದರೆ ಒಬ್ಬರು ಬಂದು ಗಾಳಿಯಲ್ಲಿ ಬಾಗಿಲು ಕೊಯ್ದಂತೆ ಸನ್ನೆ ಮಾಡಿ ಕಳಿಸಿಕೊಡುತ್ತಾರೆ. ಚರ್ಚಿನಲ್ಲಿ ವಿಕ್ಕನ್ ಅತಿಥಿ ಪ್ರಭುಭೋಜನದ ಹೊತ್ತಿಗೆ ಕೂತಲ್ಲೇ ಇರಬಹುದು. ಅಥವಾ ಸಾಲಿನಲ್ಲಿ ಹೋಗಿ ಎದೆಯ ಮೇಲೆ ಕೈ ಅಡ್ಡ ಕಟ್ಟಿದರೆ ಪಾದ್ರಿ ಆಶೀರ್ವದಿಸುತ್ತಾರೆ. ಎರಡನೆಯದು ಐಚ್ಛಿಕ ಎಂಬುದನ್ನು ಅತಿಥಿಗೂ ಹೇಳಿ, ಪಾದ್ರಿಗೂ ಹೇಳಿ. ಪಕ್ಕದಲ್ಲಿ ಕೂರುವ ಆತಿಥೇಯರು ಹಾಡಿನ ಪುಸ್ತಕ ಹಿಡಿದುಕೊಡಲಿ, ಹಾಡಲು ಒತ್ತಾಯಿಸದಿರಲಿ. ಭೇಟಿ ಮುಗಿದ ಎರಡು ದಿನದೊಳಗೆ ಎಂಟೂ ಜನಕ್ಕೆ ಫೋನು ಮಾಡಿ ಒಂದೇ ಮಾತು ಕೇಳುತ್ತೇನೆ: ಅಲ್ಲಿ ಕಂಡದ್ದರಲ್ಲಿ ನಮ್ಮಲ್ಲೂ ಇರಬಾರದಿತ್ತೇ ಅನ್ನಿಸಿದ್ದು ಯಾವುದು?