ಹಳೆ ಸಿಟಿಯ ಅಲಾಯ್ ಚಕ್ರ ಹೊಸ ಸ್ವಿಫ್ಟ್‌ಗೆ: ಹಾಕುವ ಮುನ್ನ ನಾನು ಅಳೆದದ್ದು

ಎರಡೂ ಕಾರಿನ ಚಕ್ರಕ್ಕೆ ನಾಲ್ಕು ನಟ್, ಎರಡೂ 15 ಇಂಚು. ಇಷ್ಟು ನೋಡಿಯೇ 'ಕೂರುತ್ತೆ ಬಿಡಿ ಸಾರ್' ಅನ್ನುವವರು ಹೆಚ್ಚು. 2012ರ ಹೋಂಡಾ ಸಿಟಿಯ ಕಂಪನಿ ಅಲಾಯ್‌ಗಳನ್ನು ಹೊಸ ಸ್ವಿಫ್ಟ್‌ಗೆ ಹಾಕುವ ಮುನ್ನ ನಾನು ಒಂದೊಂದಾಗಿ ಅಳೆದು ನೋಡಿದೆ. ಚಕ್ರ ಹಬ್ಬಿನ (ಕಾರಿನಲ್ಲಿ ಚಕ್ರ ಕೂರುವ, ತಿರುಗುವ ಭಾಗ) ಮೇಲೆ ಕೂತಿತು ಅಂದಮಾತ್ರಕ್ಕೆ ಅದು ಆ ಕಾರಿಗೆ ಹೊಂದಿತು ಅಂತಲ್ಲ.

ಮೊದಲು ಪಿಸಿಡಿ, ಅಂದರೆ ನಟ್ ತೂತುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರು ತೂತುಗಳ ನಡುವಿಂದ ನಡುವಿಗೆ ಅಳೆದರೆ ಮುಗಿಯಿತು. ಎರಡರಲ್ಲೂ 100 ಮಿ.ಮೀ. ಬಂತು. ಐದು ತೂತಿದ್ದರೆ ಅಕ್ಕಪಕ್ಕದ ಎರಡು ತೂತುಗಳ ದೂರವನ್ನು 1.701ರಿಂದ ಗುಣಿಸಿ. ಇಲ್ಲಿ ಟೇಪ್ ಸಾಲದು, ವರ್ನಿಯರ್ ಬೇಕು. 112 ಮಿ.ಮೀ. ಪಿಸಿಡಿಗೂ 114.3ಕ್ಕೂ ಪಕ್ಕದ ತೂತಿನ ಅಳತೆಯಲ್ಲಿ ಬರುವ ವ್ಯತ್ಯಾಸ ಒಂದೂವರೆ ಮಿ.ಮೀ.ನಷ್ಟೂ ಇಲ್ಲ. ಫಿಯೆಟ್ ಪುಂಟೋದ 98ರ ಚಕ್ರವೂ ಹೀಗೇ ಮೋಸ ಮಾಡುತ್ತದೆ. 100ರ ಹಬ್ಬಿಗೆ ಒತ್ತಿದರೆ ಕೂತಂತೆ ಕಾಣುತ್ತದೆ, ಆದರೆ ನಟ್ ಓರೆಯಾಗಿಯೇ ಬಿಗಿಯಾಗುತ್ತದೆ.

ಆಮೇಲೆ ನಡುವಿನ ದೊಡ್ಡ ತೂತು. ಸಿಟಿಯದ್ದು 56.1, ಸ್ವಿಫ್ಟ್ ಹಬ್ಬಿನದು 54.1. ಚಕ್ರದ ತೂತೇ ದೊಡ್ಡದಾದ್ದರಿಂದ ಒಳಹೋಗುತ್ತದೆ, ಆದರೆ ಸುತ್ತ ತಲಾ ಒಂದು ಮಿ.ಮೀ. ಸಡಿಲ. ಚಕ್ರ ನಡುಮಧ್ಯೆ ನಿಲ್ಲದಿದ್ದರೆ, ಎಷ್ಟೇ ಬ್ಯಾಲೆನ್ಸಿಂಗ್ ಮಾಡಿಸಿದರೂ ಗಂಟೆಗೆ 80 ಕಿ.ಮೀ. ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗತೊಡಗುತ್ತದೆ. ಇದಕ್ಕೆ ಹೊರಗೆ 56.1, ಒಳಗೆ 54.1 ಇರುವ ಹಬ್ ರಿಂಗ್ ನಾಲ್ಕು ಬೇಕು. ತಿರುಗಾಮುರುಗಾ ಮಾಡಿ ಸ್ವಿಫ್ಟ್ ಚಕ್ರವನ್ನು ಸಿಟಿಗೆ ಹಾಕಲು ಹೋದರೆ ಹಬ್ಬಿನ ಮೇಲೆ ಏರುವುದೇ ಇಲ್ಲ. ತೂತು ಕೊರೆಸಿ ದೊಡ್ಡದು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ನಿಜವಾದ ಅಪಾಯ ಇರುವುದು ನಟ್‌ಗಳಲ್ಲಿ. ಹೋಂಡಾ ಸ್ಟಡ್ಡಿನ (ಹಬ್ಬಿನಿಂದ ಹೊರಚಾಚಿದ, ನಟ್ ಏರುವ ಬೋಲ್ಟ್) ಮರೆ, ಅಂದರೆ ಥ್ರೆಡ್, 12×1.5, ಸುಜುಕಿಯದು 12×1.25: ದಪ್ಪ 12 ಮಿ.ಮೀ., ಎರಡನೇ ಅಂಕಿ ಮರೆಯ ಸುತ್ತುಗಳ ನಡುವಿನ ಅಂತರ. ಹಳೆ ಕಾರಿನ ನಟ್ ಹೊಸ ಸ್ಟಡ್ಡಿಗೆ ಒಂದೆರಡು ಸುತ್ತು ಏರಿ ಸಿಕ್ಕಿಕೊಳ್ಳುತ್ತದೆ. ಟೈರ್ ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ಒತ್ತಿದರೆ ಮುಂದೆಯೂ ಹೋಗುತ್ತದೆ, ಮರೆಯನ್ನು ಕಿತ್ತುಕೊಂಡು. ಹಾಗಾದರೆ ಸ್ವಿಫ್ಟಿನ ನಟ್‌ಗಳನ್ನೇ ಹಾಕೋಣವೆಂದರೆ ಅವುಗಳ ತುದಿ ಕೋನಾಕಾರ. ಹೋಂಡಾ ಕಂಪನಿ ಚಕ್ರದಲ್ಲಿ ನಟ್ ಕೂರುವ ಗುಳಿ ಮಾತ್ರ ಗುಂಡನೆಯದು. ಕೋನದ ನಟ್ ಗುಂಡನೆ ಗುಳಿಯಲ್ಲಿ ತೆಳುವಾದ ಒಂದು ಗೆರೆಯ ಮೇಲಷ್ಟೇ ನಿಲ್ಲುತ್ತದೆ. ಅಲ್ಯೂಮಿನಿಯಂ ಅಲ್ಲಿ ಸವೆಯುತ್ತಾ ಹೋಗಿ ಬಿಗಿತ ತಾನಾಗಿ ಇಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಗುಳಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ನಟ್ ಕೈಯಲ್ಲಿ ಬಿಗಿದು, ಬಿಚ್ಚಿ ನೋಡಿ. ಅಗಲವಾದ ಪಟ್ಟಿಯಾಗಿ ಮಸಿ ಅಳಿಸಿದ್ದರೆ ಸರಿ, ದಾರದಷ್ಟು ತೆಳು ಗೆರೆ ಬಂದಿದ್ದರೆ ಆ ನಟ್ ಬೇಡ. ನನಗೆ ಬೇಕಾಗಿದ್ದು ಗುಂಡು ತುದಿಯ, 12×1.25 ಮರೆಯ ಹದಿನಾರು ನಟ್. ಬೆಂಗಳೂರಿನಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೇಳುವಾಗ ಈ ಎರಡನ್ನೂ ಒಟ್ಟಿಗೆ ಹೇಳಬೇಕು. 'ಸ್ವಿಫ್ಟ್ ಅಲಾಯ್ ನಟ್' ಅಂದರೆ ಕೋನದ್ದನ್ನೇ ಕೈಗಿಡುತ್ತಾರೆ. ಸಿಗುವವರೆಗೆ ಚಕ್ರ ಹಾಕಲಿಲ್ಲ. ನಟ್ ಗನ್ನಿಲ್ಲದೆ, ಕೈಯಲ್ಲೇ ಸಲೀಸಾಗಿ ಕನಿಷ್ಠ ಹತ್ತು ಸುತ್ತು ಏರಬೇಕು.

ಆಫ್‌ಸೆಟ್ಟಿನ ಲೆಕ್ಕ ಹಲವರು ಬಿಟ್ಟುಬಿಡುತ್ತಾರೆ. ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಒತ್ತಿ ಕೂರುವ ಮೈವರೆಗಿನ ದೂರ ಇದು. ಚಕ್ರದ ಒಳಮೈಯಲ್ಲಿ ಅಗಲವೂ ಆಫ್‌ಸೆಟ್ಟೂ ಅಚ್ಚಾಗಿರುತ್ತವೆ. ಉದಾಹರಣೆಗೆ ಕಾರಿನ ಮೂಲ ಚಕ್ರ 5ಜೆ (ಅಗಲ 5 ಇಂಚು), 45 (ಆಫ್‌ಸೆಟ್, ಮಿ.ಮೀ.ನಲ್ಲಿ), ಹಾಕಲಿರುವುದು 5.5ಜೆ, 53 ಎಂದುಕೊಳ್ಳಿ. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಬದಿಯ ಚಾಚು: ಮೂಲದ್ದು 63.5 + 45 = 108.5, ಹೊಸದು 69.85 + 53 = 122.85. ಅಂದರೆ ಚಕ್ರ 14 ಮಿ.ಮೀ.ಗೂ ಹೆಚ್ಚು ಒಳಗೆ, ಸಸ್ಪೆನ್ಷನ್ ಕಡೆಗೆ ಸರಿಯುತ್ತದೆ. ಆದ್ದರಿಂದ ಮೂಲ ಚಕ್ರ ಕಾರಿನಲ್ಲಿ ಇರುವಾಗಲೇ ಸ್ಟ್ರಟ್ಟಿಗೂ (ಸಸ್ಪೆನ್ಷನ್ನಿನ ಕಂಬ) ಟೈರಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆದಿಟ್ಟುಕೊಳ್ಳಿ. ಜಾಗ ಸಾಲದೆ ಸ್ಪೇಸರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕಿದರೆ, ಅದು ದಪ್ಪವಿದ್ದಷ್ಟೂ ನಟ್ ಏರುವ ಮರೆ ಕಡಿಮೆಯಾಗುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ.

ಚಕ್ರಕ್ಕೂ ಬ್ರೇಕಿಗೂ ನಡುವೆ ಜಾಗ ಸಾಕೇ ಎಂದು ನೋಡಲು, ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಮೇಲೆ ಮಕ್ಕಳಾಡುವ ಕ್ಲೇ ಸಣ್ಣ ಉಂಡೆ ಅಂಟಿಸಿ, ಚಕ್ರ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ. ಕ್ಲೇ 3 ಮಿ.ಮೀ.ಗಿಂತ ತೆಳುವಾದರೆ ಬೇಡ. ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ ಕ್ಯಾಲಿಪರ್‌ಗೆ ತಾಗುವುದೂ ಇಲ್ಲೇ ಗೊತ್ತಾಗುತ್ತದೆ.

ಟೈರಿಗೆ ಬಂದರೆ, ಸಿಟಿಯದ್ದು 175/65 ಆರ್15, ಲೋಡ್ ಇಂಡೆಕ್ಸ್ 84, ಅಂದರೆ ಒಂದು ಟೈರಿಗೆ 500 ಕೆ.ಜಿ. ಸ್ವಿಫ್ಟಿನದು 185/65 ಆರ್15, 88, ಅಂದರೆ 560 ಕೆ.ಜಿ. ಎತ್ತರದಲ್ಲೂ 13 ಮಿ.ಮೀ. ವ್ಯತ್ಯಾಸ, ಚಿಕ್ಕ ಟೈರ್ ಹಾಕಿದರೆ ಮೀಟರು ಎರಡು ಶೇಕಡಾ ಹೆಚ್ಚು ತೋರಿಸುತ್ತದೆ, ಕಾರೂ ಆರೂವರೆ ಮಿ.ಮೀ. ಕೆಳಗಿಳಿಯುತ್ತದೆ. ನಮ್ಮ ಬಡಾವಣೆಗಳ ಹಂಪ್‌ಗಳಿಗೆ ಅಷ್ಟೂ ನಷ್ಟವೇ. ಹಳೆ ಟೈರಿನ ಅಚ್ಚಿನ ಕೊನೆಯ ನಾಲ್ಕು ಅಂಕಿಯೂ ತುಂಬಾ ಹಳತಾಗಿತ್ತು (2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು). ಅದೇ ಚಕ್ರಕ್ಕೆ 185/65 ಹೊಸ ಟೈರ್ ಹಾಕಿಸಿದೆ. 5.5ಜೆ ಅಗಲಕ್ಕೆ ಆ ಅಳತೆ ಸರಿಹೊಂದುತ್ತದೆ.

ಹಬ್ಬಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ರಿಂಗ್ ಕೂರಿಸಿ, ಚಕ್ರ ನೆಲಕ್ಕೆ ತಾಗುವ ಮುನ್ನವೇ ನಟ್‌ಗಳನ್ನು ಎದುರುಬದುರಾಗಿ ಕೈಯಲ್ಲಿ ಬಿಗಿದೆ. ಜ್ಯಾಕ್ ಇಳಿಸಿದ ಮೇಲೆ ಕಾರಿನ ಕೈಪಿಡಿ ಹೇಳಿದಷ್ಟು ಟಾರ್ಕ್ (ಬಿಗಿತ), ಟಾರ್ಕ್ ರೆಂಚ್‌ನಲ್ಲೇ. ಆಮೇಲೆ ಟೈರಿನ ಅಂಚುಗಳಿಗೆ ಸೀಮೆಸುಣ್ಣ ಬಳಿದು, ನಾಲ್ಕು ಜನ ಕೂತು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹತ್ತಿಳಿಸಿದೆವು. ಮಡ್‌ಗಾರ್ಡಿನ ಒಳಗಾಗಲಿ ಸ್ಟ್ರಟ್ಟಿನ ಮೇಲಾಗಲಿ ಬಿಳಿ ಗುರುತು ಇರಲಿಲ್ಲ. ನೂರು ಕಿ.ಮೀ. ಓಡಿದ ಮೇಲೆ ಹದಿನಾರೂ ನಟ್‌ಗಳ ಟಾರ್ಕ್ ಮತ್ತೆ ನೋಡಿದೆ. ಸ್ಟೆಪ್ನಿಗೆಂದು ಸ್ವಿಫ್ಟಿನ ಹಳೆಯ ಕೋನದ ನಟ್ ನಾಲ್ಕನ್ನು ಬೇರೆ ಚೀಲದಲ್ಲಿ ಡಿಕ್ಕಿಯಲ್ಲಿಟ್ಟಿದ್ದೇನೆ; ಆ ಚಕ್ರಕ್ಕೆ ಗುಂಡು ನಟ್ ಆಗುವುದಿಲ್ಲ.